ವಡಪಳನಿಯಲ್ಲಿ ಹಳೇ ಸದ್ದಿನ ಬೇಟೆ!

ವಡಪಳನಿ, ಮದ್ರಾಸು - 26.

ಈ ವಿಳಾಸ ಎಲ್ಲೋ ಓದಿದ ಹಾಗಿದೆಯಲ್ಲ ಅನ್ನುತ್ತೀರಾ? ನಿಮ್ಮ ಅಪ್ಪನನ್ನೋ ಮಾವನನ್ನೋ ಕೇಳಿ, ತಟ್ಟನೆ ಹೇಳುತ್ತಾರೆ. 'ಚಂದಮಾಮ'ದ ವಿಳಾಸ ಅದು! ಬೇತಾಳ ಯಾವ ಬೀದಿಯಿಂದ ಹಾರಿ ನಮ್ಮೂರಿಗೆ ಬರುತ್ತಿದ್ದನೋ, ಕನ್ನಡ ಸಿನಿಮಾದ ಮಾತು, ಹಾಡು, ಕತ್ತಿಕಾಳಗದ ಠಣ್ ಠಣ್ ಸದ್ದು ಕೂಡ ಒಂದು ಕಾಲಕ್ಕೆ ಹೆಚ್ಚುಕಡಿಮೆ ಅದೇ ಬೀದಿಯಿಂದ ಬರುತ್ತಿತ್ತು. ಆ ಸದ್ದನ್ನು ಹುಡುಕಿಕೊಂಡು ಹೊರಟ ಇಬ್ಬರ ಕಥೆ ಇದು.

ಒಬ್ಬ ನಾನು. ಇನ್ನೊಬ್ಬ ನನ್ನ ಗೆಳೆಯ, ಗಾಂಧಿನಗರದಲ್ಲಿ ಸೌಂಡ್ ಮಿಕ್ಸಿಂಗ್ ಮಾಡುವ ಹುಡುಗ. ಹೆಸರು ಬೇಡ ಅಂದಿದ್ದಾನೆ, ಸಿನಿಮಾ ಇನ್ನೂ ಬಿಡುಗಡೆಯಾಗಿಲ್ಲ. 1979ರ ಒಂದು ಟೂರಿಂಗ್ ಟಾಕೀಸಿನ ಸುತ್ತ ನಡೆಯುವ ಕಥೆ. ಚಿತ್ರ ನೋಡಿದರೆ ಪಕ್ಕಾ ಆ ಕಾಲ. ಬೆಲ್‌ಬಾಟಂ, ಅಂಬಾಸಡರ್, ಗೋಡೆ ಮೇಲೆ ಸುಣ್ಣದ ಜಾಹೀರಾತು, ಎಲ್ಲಾ ಇದೆ. ಆದರೆ ಕಣ್ಣು ಮುಚ್ಚಿ ಕೇಳಿದರೆ ನಿನ್ನೆ ಮೊನ್ನೆಯ ಮಾಲ್ ಸಿನಿಮಾ! ಕಂಪ್ಯೂಟರಿನಲ್ಲಿ 'ಹಳೇ ಕಾಲ' ಎಂಬ ಪ್ಲಗ್-ಇನ್ ಹಾಕಿ ನೋಡಿದ. ಚರಚರ, ಪಟಪಟ ಅಂತ ಧೂಳಿನ ಸದ್ದು ಸೇರಿತೇ ಹೊರತು ಹಳೆಯದಾಗಲಿಲ್ಲ. ಕೆಟ್ಟುಹೋದ ರೇಡಿಯೋ ಆಯಿತು, ಅಷ್ಟೆ. ಮಿಕ್ಸಿಂಗ್ ಮುಗಿಸಲು ಹದಿನೈದು ದಿನ ಉಳಿದಿತ್ತು. ನಿರ್ಮಾಪಕರಿಗಂತೂ ಅಟ್ಮಾಸ್ ಬೇಕು, ತಲೆ ಮೇಲಿಂದಲೂ ಸದ್ದು ಉದುರಬೇಕು!

"ಗುರೂ, ಆ ಸದ್ದು ಹುಟ್ಟಿದ ಜಾಗಕ್ಕೇ ಹೋಗಿ ಬರೋಣ" ಅಂದ. ರಾತ್ರಿ ರೈಲು ಹತ್ತಿದೆವು.

ಸೆಂಟ್ರಲ್‌ನಲ್ಲಿ ಇಳಿದು ಮೆಟ್ರೋ ಹಿಡಿದರೆ ವಡಪಳನಿಯಲ್ಲೇ ಇಳಿಯಬಹುದು. ಕೋಡಂಬಾಕ್ಕಂ, ವಡಪಳನಿ, ಸಾಲಿಗ್ರಾಮಂ ಎಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸಿರುವುದು ಆರ್ಕಾಟ್ ರಸ್ತೆ. ಈಗ ಆ ರಸ್ತೆಯ ನಡುವೆ ಹೊಸ ಮೆಟ್ರೋ ದಾರಿಯ ದಪ್ಪ ದಪ್ಪ ಕಂಬಗಳು. ಒಂದು ಕಾಲಕ್ಕೆ ಏಷ್ಯಾದಲ್ಲೇ ದೊಡ್ಡದು ಅನ್ನಿಸಿಕೊಂಡಿದ್ದ ವಿಜಯಾ-ವಾಹಿನಿ ಸ್ಟುಡಿಯೋ ಎಲ್ಲಿ ಅಂತ ಹುಡುಕಿದರೆ ಆಸ್ಪತ್ರೆ ಸಿಗುತ್ತದೆ, ಮಾಲ್ ಸಿಗುತ್ತದೆ. 1957ರ 'ಮಾಯಾಬಜಾರ್' ತೆಗೆದವರ ಜಾಗದಲ್ಲಿ ಈಗ ನಿಜವಾಗಿಯೂ ಬಜಾರ್! ಘಟೋತ್ಕಚ ಬಂದರೂ ದಾರಿ ತಪ್ಪುತ್ತಾನೆ.

ಎ.ವಿ.ಎಂ. ಮಾತ್ರ ಇದೆ. ಅದರ ಭೂಗೋಳವೂ ಇದೆ. 1945ರಲ್ಲಿ ಎ.ವಿ. ಮೆಯ್ಯಪ್ಪನ್ ಕಟ್ಟಿದ ಸಂಸ್ಥೆ, ಕಾರೈಕುಡಿಯಲ್ಲಿ ಸ್ವಲ್ಪ ಕಾಲ ಇದ್ದು 1948ರಲ್ಲಿ ಇಲ್ಲಿಗೆ ಬಂತು. ನಮ್ಮ ಅಣ್ಣಾವ್ರ 'ಬೇಡರ ಕಣ್ಣಪ್ಪ' (1954) ನಂಟು ಇವರ ಜೊತೆಗಿನದೇ. ಅದಕ್ಕೂ ಹಿಂದೆ, 1943ರಲ್ಲಿ, ಮೆಯ್ಯಪ್ಪನ್ ಕನ್ನಡದಲ್ಲಿ 'ಸತ್ಯ ಹರಿಶ್ಚಂದ್ರ' ತೆಗೆದರು. ಮರುವರ್ಷ ಅದಕ್ಕೆ ತಮಿಳು ಮಾತು ಕೂರಿಸಿ ಬಿಡುಗಡೆ ಮಾಡಿದರು. ನಮ್ಮ ದೇಶದಲ್ಲಿ ಬೇರೆ ಭಾಷೆಗೆ ಡಬ್ ಆದ ಮೊದಲ ಚಿತ್ರ ಅದೇ ಅಂತ ಚಿತ್ರಚರಿತ್ರೆ ಬರೆದವರು ಹೇಳುತ್ತಾರೆ. ಡಬ್ಬಿಂಗ್ ಅಂದರೆ ನಮ್ಮಲ್ಲಿ ಎಷ್ಟು ಜಗಳ ಆಗಿದೆ ನಿಮಗೇ ಗೊತ್ತು. ಶುರುವಾದದ್ದು ಕನ್ನಡ ಚಿತ್ರದಿಂದಲೇ, ನೋಡಿ!

ಒಳಗೆ 2023ರ ಮೇ ತಿಂಗಳಲ್ಲಿ ತೆರೆದ ಮ್ಯೂಸಿಯಂ ಇದೆ. ಹಳೇ ಕಾರುಗಳು, ಕ್ಯಾಮೆರಾಗಳು, ಸಿನಿಮಾ ಯಂತ್ರಗಳು. ಜನ ಕಾರಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರೆ ನನ್ನ ಗೆಳೆಯ ಯಂತ್ರಗಳ ಮುಂದೆ ದೇವರ ಮುಂದೆ ನಿಂತ ಹಾಗೆ ನಿಂತುಬಿಟ್ಟ. ಸರಿ, ಯಂತ್ರ ನೋಡಿದ್ದಾಯಿತು. ಮಾತಾಡುವವರು ಬೇಕಲ್ಲ?

ಸಿಕ್ಕರು. ಸಾಲಿಗ್ರಾಮದ ಒಂದು ಟೀ ಅಂಗಡಿಯಲ್ಲಿ. ಮೈಸೂರು ಕಡೆಯಿಂದ ಹುಡುಗನಾಗಿ ಬಂದು ಇಲ್ಲೇ ರೆಕಾರ್ಡಿಂಗ್ ಕೆಲಸ ಮಾಡಿ ಇಲ್ಲೇ ನಿವೃತ್ತರಾದ ಹಿರಿಯರು. ಕನ್ನಡದ ನಡುವೆ ತಮಿಳು ತಾನಾಗಿ ಬೆರೆಯುತ್ತದೆ. ನಮ್ಮ ಕಷ್ಟ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಏನ್ ತಂಬೀ, ಆ ಪಟಪಟ ಸದ್ದು ತೆಗೆಯೋಕೆ ನಾವು ರಾತ್ರಿಯೆಲ್ಲಾ ಒದ್ದಾಡ್ತಿದ್ವಿ. ನೀವು ದುಡ್ಡು ಕೊಟ್ಟು ಅದನ್ನೇ ಹಾಕ್ತೀರಾ?"

ಗೆಳೆಯನ ಮುಖ ನೋಡಬೇಕಿತ್ತು! ಆಮೇಲೆ ಎರಡು ಗಂಟೆ ಪಾಠ. ಅರ್ಧ ಪಿಯುಸಿಗೇ ಕಾಲೇಜಿಗೆ ಕೈಮುಗಿದ ನನಗೂ ಅರ್ಥವಾಯಿತು ಅಂದರೆ ಎಂಥ ಮೇಷ್ಟ್ರು ಯೋಚಿಸಿ.

ಹಳೇ ಚಿತ್ರದಲ್ಲಿ ಸದ್ದು ಇರುತ್ತಿದ್ದದ್ದು ಫಿಲ್ಮಿನ ಮೇಲೇ. ಚಿತ್ರದ ಪಕ್ಕದಲ್ಲಿ ಎರಡೂವರೆ ಮಿಲಿಮೀಟರಿನ ಆಸುಪಾಸು ಅಗಲದ ಒಂದು ಪಟ್ಟಿ. ಪ್ರೊಜೆಕ್ಟರಿನ ಸಣ್ಣ ದೀಪದ ಬೆಳಕು ಆ ಪಟ್ಟಿಯನ್ನು ಹಾದು ಬೀಳುವಾಗ ಹೆಚ್ಚುಕಡಿಮೆ ಆಗುತ್ತದಲ್ಲ, ಅದೇ ಸದ್ದು. ಫಿಲ್ಮು ನಿಮಿಷಕ್ಕೆ 90 ಅಡಿ ಓಡುತ್ತದೆ. ಪಟ್ಟಿಯ ಮೇಲೆ ಧೂಳು ಕೂತರೆ ಪಟ್, ಗೀರು ಬಿದ್ದರೆ ಚರ್. ಈ ಗೋಳನ್ನು ಮುಚ್ಚಲು ಹಾಲಿವುಡ್ಡಿನ ಅಕಾಡೆಮಿಯವರು 1938ರಲ್ಲಿ ಒಂದು ಕಟ್ಟಳೆ ಮಾಡಿದರು. ಮೇಲಿನ ಕೀಚಲು ಸ್ವರಗಳನ್ನು ಥಿಯೇಟರಿನಲ್ಲೇ ತಗ್ಗಿಸಿಬಿಡಿ ಅಂತ. ನಮ್ಮ ಕಿವಿ 20,000 ಹರ್ಟ್ಜ್‌ವರೆಗೆ ಕೇಳಬಲ್ಲದು. ಹಳೇ ಥಿಯೇಟರಿನಲ್ಲಿ 8,000 ದಾಟಿದ ಮೇಲೆ ಹೆಚ್ಚೇನೂ ಉಳಿಯುತ್ತಿರಲಿಲ್ಲ. ಮನುಷ್ಯನ ಮಾತಿಗೆ ಅಷ್ಟು ಸಾಕು. ನಾವು 'ಬೆಚ್ಚಗಿದೆ' ಅನ್ನುವ ಸದ್ದಿನಲ್ಲಿ ಮುಕ್ಕಾಲು ಪಾಲು ಇದೇ. ಏನನ್ನೂ ಸೇರಿಸಿದ್ದಲ್ಲ, ತೆಗೆದದ್ದು!

ಉಳಿದ ಕಾಲು ಪಾಲು ಟೇಪಿನದು. ಮ್ಯಾಗ್ನೆಟಿಕ್ ಟೇಪಿಗೆ ಜೋರಾಗಿ ಸದ್ದು ಕೊಟ್ಟರೆ ಅದು ತುದಿಯನ್ನು ಮೆತ್ತಗೆ ದುಂಡಗೆ ಮಾಡಿ ಇಟ್ಟುಕೊಳ್ಳುತ್ತದೆ. ಡಿಜಿಟಲ್ ಹಾಗಲ್ಲ, ಮಿತಿ ಮೀರಿದರೆ ತಲೆ ಕಚಕ್ಕನೆ ಕತ್ತರಿಸುತ್ತದೆ. ಅದಕ್ಕೇ ಹಳೇ ಚಿತ್ರದಲ್ಲಿ ನಾಯಕ ಎಷ್ಟೇ ಅಬ್ಬರಿಸಿದರೂ ಕಿವಿ ನೋಯುತ್ತಿರಲಿಲ್ಲ.

ಇನ್ನು ಹಾಡು. "ಮಿಕ್ಸಿಂಗ್ ಅಂದ್ರೆ ಈಗ ಬಟನ್ನು ತಂಬೀ. ನಮಗೆ ಕುರ್ಚಿ!" ಅಂದರು ಯಜಮಾನರು. ಇಡೀ ವಾದ್ಯಗೋಷ್ಠಿ ಒಂದೇ ಹಾಲಿನಲ್ಲಿ. ಪಿಟೀಲಿನವರು ಮೈಕಿಗೆ ಹತ್ತಿರ, ಡೋಲಿನವನು ಬಾಗಿಲ ಬಳಿ, ತುತ್ತೂರಿಯವನು ಗೋಡೆಗೆ ಮುಖ ಮಾಡಿ! ಯಾರ ಕುರ್ಚಿ ಎಷ್ಟು ದೂರವೋ ಅವರ ಸದ್ದು ಅಷ್ಟು. ಒಬ್ಬ ತಪ್ಪಿದರೆ ಎಲ್ಲರೂ ಮೊದಲಿನಿಂದ. ಒಬ್ಬರ ವಾದ್ಯದ ಸದ್ದು ಇನ್ನೊಬ್ಬರ ಮೈಕಿಗೆ ಸೋರುತ್ತಿತ್ತು. ಆ ಸೋರಿಕೆಯಿಂದಲೇ ಎಲ್ಲರೂ ಒಂದೇ ಕೋಣೆಯಲ್ಲಿದ್ದಾರೆ ಅನ್ನಿಸುತ್ತಿತ್ತು. ಇವತ್ತು ಒಬ್ಬೊಬ್ಬರೂ ಒಂದೊಂದು ಊರಿನಲ್ಲಿ ಕೂತು ನುಡಿಸಿ ಕಳಿಸುತ್ತಾರೆ, ಮತ್ತೆ ಬಿಸಿ ಎಲ್ಲಿಂದ ಬರಬೇಕು?

ಹಿಂದೆ ಕನ್ನಡ ಚಿತ್ರಗಳು ಡಬ್ಬಿಂಗ್, ರೆಕಾರ್ಡಿಂಗ್ ಅಂತ ಮದ್ರಾಸಿಗೆ ಅಲೆಯುತ್ತಿದ್ದವು. ಈ ಅಲೆದಾಟ ತಪ್ಪಲಿ ಅಂತಲೇ ನಮ್ಮ ಶಂಕರ್‌ನಾಗ್ 80ರ ದಶಕದಲ್ಲಿ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದ್ದು. ಆ ಮನುಷ್ಯ ಇನ್ನು ಇಪ್ಪತ್ತು ವರ್ಷ ಇದ್ದಿದ್ದರೆ... ಬಿಡಿ, ಆ ಮಾತು ಎತ್ತಿದರೆ ಲೇಖನ ಬೇರೆ ಕಡೆ ಹೋಗುತ್ತದೆ.

ವಾಪಸು ಬರುವ ರೈಲಿನಲ್ಲಿ ಗೆಳೆಯ ನನಗೊಂದು ಹಾಲಿವುಡ್ ಕಥೆ ಹೇಳಿದ. 2020ರಲ್ಲಿ ಡೇವಿಡ್ ಫಿಂಚರ್ 'ಮ್ಯಾಂಕ್' ಅಂತ ಕಪ್ಪುಬಿಳುಪು ಚಿತ್ರ ತೆಗೆದ. 'ಸಿಟಿಜನ್ ಕೇನ್' ಬರೆದ ಲೇಖಕನ ಕಥೆ. ಹಳೇ ಥಿಯೇಟರಿನಲ್ಲಿ ಕೂತು ಹಳೇ ಚಿತ್ರ ನೋಡಿದ ಹಾಗೆ ಕೇಳಿಸಬೇಕು ಅನ್ನುವುದು ಅವನ ಹಟ. ಧ್ವನಿಯ ರೆನ್ ಕ್ಲೈಸ್ ಇಡೀ ಚಿತ್ರವನ್ನು ಮಾನೋದಲ್ಲಿ ಮಿಕ್ಸ್ ಮಾಡಿದ. ಸಂಗೀತಗಾರರು ಆ ಕಾಲದ ವಾದ್ಯಗಳನ್ನೇ ಹಿಡಿದರು. ಕೊನೆಗೆ, ಮುಗಿದ ಸದ್ದನ್ನು ಕ್ಯಾಲಿಫೋರ್ನಿಯಾದ ಸ್ಕೈವಾಕರ್ ಸ್ಟುಡಿಯೋದ ದೊಡ್ಡ ಹಾಲಿನಲ್ಲಿ ಸ್ಪೀಕರಿನಿಂದ ಬಿಟ್ಟು, ಹಾಲಿನ ಮಾರ್ದನಿಯನ್ನು ಮತ್ತೆ ಮೈಕಿನಲ್ಲಿ ಹಿಡಿದು, ಅದನ್ನೇ ಚಿತ್ರಕ್ಕೆ ಬೆರೆಸಿದರು! ಇದೂ ಹೊಸದಲ್ಲ. 1973ರ 'ಅಮೆರಿಕನ್ ಗ್ರಾಫಿಟಿ'ಗೆ ವಾಲ್ಟರ್ ಮರ್ಚ್ ಮತ್ತು ನಿರ್ದೇಶಕ ಜಾರ್ಜ್ ಲ್ಯೂಕಾಸ್ ಮನೆಯ ಹಿತ್ತಲಲ್ಲಿ ಒಬ್ಬ ಸ್ಪೀಕರ್, ಇನ್ನೊಬ್ಬ ಮೈಕು ಹಿಡಿದು ಅತ್ತಿತ್ತ ತಿರುಗಿಸುತ್ತಾ ರೇಡಿಯೋ ಹಾಡುಗಳಿಗೆ ಬೀದಿಯ ಗಾಳಿ ಕುಡಿಸಿದ್ದರಂತೆ.

"ನಮಗೆ ಸ್ಕೈವಾಕರ್ ಎಲ್ಲಿಂದ ತರೋದು?" ಅಂದೆ.

"ತಿಪಟೂರು ಕಡೆ ಒಂದು ಟಾಕೀಸಿದೆ ಗುರೂ" ಅಂದ!

ಇದೆ. ಪ್ರೊಜೆಕ್ಟರ್ ಡಿಜಿಟಲ್ ಆಗಿದೆ, ಆದರೆ ಪರದೆ ಹಿಂದಿನ ಹಳೇ ಹಾರ್ನ್ ಸ್ಪೀಕರನ್ನು ಯಾರೂ ಕಿತ್ತಿಲ್ಲ. ಸೆಕೆಂಡ್ ಶೋ ಬಿಟ್ಟ ಮೇಲೆ ಫ್ಯಾನುಗಳನ್ನು ಆರಿಸಿ ಮೊದಲ ರೀಲು ಹಾಕಿದೆವು. ಅಯ್ಯೋ ರಾಮಾ, ಬಾವಿಯೊಳಗೆ ಮಾತಾಡಿದ ಹಾಗೆ! ಖಾಲಿ ಥಿಯೇಟರ್ ಅಲ್ಲವೇ, ಸದ್ದು ಹೀರಲು ಮೈಗಳಿಲ್ಲ. ಮಾಲೀಕರು ಕೊಬ್ಬರಿ ವ್ಯಾಪಾರವನ್ನೂ ಮಾಡುತ್ತಾರೆ. ಮಂಡಿಯಿಂದ ಗೋಣಿಚೀಲ ತರಿಸಿ ಕುರ್ಚಿಗಳ ಮೇಲೆಲ್ಲ ಹೊದಿಸಿದೆವು. ಹೌಸ್‌ಫುಲ್! ಗೋಣಿಚೀಲಗಳ ಹೌಸ್‌ಫುಲ್!

ಆಗ ಬಂತು ನೋಡಿ ಆ ಸದ್ದು. ಪರದೆಯ ನಡುವಿನಿಂದ, ಎದೆಯ ಎತ್ತರದಿಂದ, ಒಂದೇ ಕಡೆಯಿಂದ. ನಾಯಕಿಯ ಮಾತಿನ 'ಸ'ಕಾರದ ಮೊನಚು ಹೋಗಿ ಮಾತು ಬೆಣ್ಣೆಯಾಗಿತ್ತು. ಬಾಲ್ಕನಿಯ ಮೊದಲ ಸಾಲಿನಲ್ಲಿ ಒಂದು ಮೈಕು, ಪರದೆಯಿಂದ 17 ಮೀಟರು ದೂರದಲ್ಲಿ ಇನ್ನೊಂದು. ಸದ್ದು ಸೆಕೆಂಡಿಗೆ 340 ಮೀಟರು ಓಡುವ ಲೆಕ್ಕದಲ್ಲಿ ಆ 17 ಮೀಟರಿಗೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ತಡ. ಅಂದರೆ ತುಟಿಗಿಂತ ಮಾತು ಒಂದು ಫ್ರೇಮಿಗೂ ಹೆಚ್ಚು ಹಿಂದೆ ಬೀಳುತ್ತದೆ! ಅದನ್ನು ಕಂಪ್ಯೂಟರಿನಲ್ಲಿ ಮುಂದಕ್ಕೆಳೆದು, ಮೂಲ ಸದ್ದಿಗೆ ಹಾಲಿನ ಸದ್ದನ್ನು ಹದವಾಗಿ ಬೆರೆಸಬೇಕು. ಮಾತಿಗೆ ಕಡಿಮೆ, ಹಾಡಿಗೆ ಹೆಚ್ಚು. ಮೂರು ರಾತ್ರಿ ಹಿಡಿಯಿತು. ಎರಡನೇ ರಾತ್ರಿ ಒಂದು ಬಾವಲಿ ಹಾರಿದ್ದು ನಾಲ್ಕನೇ ರೀಲಿನ ಶೋಕಗೀತೆಯಲ್ಲಿ ಸೇರಿಬಿಟ್ಟಿದೆ. ಗೆಳೆಯ ತೆಗೆದಿಲ್ಲ. ಕಿವಿಗೊಟ್ಟು ಕೇಳಿ, ಸಿಗುತ್ತದೆ.

ಪಟಪಟ ಸದ್ದನ್ನು ಮಾತ್ರ ಒಂದೂ ಬಿಡದೆ ಕಿತ್ತು ಹಾಕಿದ, ಯಜಮಾನರ ಮಾತಿಗೆ ಬೆಲೆ ಕೊಟ್ಟು.

ಬೆಂಗಳೂರಿನಲ್ಲಿ ನಿರ್ಮಾಪಕರಿಗೆ ಅದೇ ನಾಲ್ಕನೇ ರೀಲು ಕೇಳಿಸಿದೆವು. ಕೈ ಕಟ್ಟಿ ಕೂತಿದ್ದವರು ಹಾಡಿನ ನಡುವೆ ಕನ್ನಡಕ ತೆಗೆದು ಒರೆಸಿಕೊಂಡರು. "ನಮ್ಮಪ್ಪನ ಜೊತೆ ಡೇರೆಯಲ್ಲಿ ಕೂತಂಗಾಯ್ತು ಕಣಯ್ಯಾ" ಅಂದರು. ನಾವು ಗೆದ್ದೆವು ಅಂದುಕೊಳ್ಳುವಷ್ಟರಲ್ಲಿ ಎದ್ದು ನಿಂತು, "ಆದ್ರೆ ಕ್ಲೈಮ್ಯಾಕ್ಸ್ ಫೈಟು ಮಾತ್ರ ನಾಲ್ಕೂ ಕಡೆಯಿಂದ ಬರ್ಬೇಕು, ಅದು ನನ್ನ ಮಾತು" ಅಂದುಬಿಟ್ಟರು. ಬರೆಯುವ ಹೊತ್ತಿಗೆ ಚೌಕಾಸಿ ನಡೆಯುತ್ತಲೇ ಇದೆ. ಗೆಳೆಯ ಒಂದೇ ಒಂದು ಏಟಿನ ಸದ್ದನ್ನು ಹಿಂದಿನ ಸ್ಪೀಕರಿಗೆ ಕೊಡಲು ಒಪ್ಪಿದ್ದಾನೆ. ನಿರ್ಮಾಪಕರು ಎಂಟು ಕೇಳುತ್ತಿದ್ದಾರೆ.