ಮಿಲ್‌ವಾಶ್‌ನ ಏರುದಾರಿ

ಫ್ರಾನ್ಸಿನ ಲಿಮೂಜಾಂ ಪ್ರಾಂತದ ಎಮೂತ್ಯೆ ಊರಿನಿಂದ ಮಿಲ್‌ವಾಶ್ ಪ್ರಸ್ಥಭೂಮಿಗೆ ಏರುವ ಕಿರುದಾರಿಗಳು ಸೈಕಲ್ ಯಾತ್ರಿಕನಿಗೆ ಹೇಳಿ ಮಾಡಿಸಿದಂತಿವೆ. ವಾಹನಗಳು ವಿರಳ, ಬೀಚ್, ಚೆಸ್ಟ್‌ನಟ್ ಮರಗಳ ನೆರಳು, ತೊರೆಗಳ ಸದ್ದು, ಮುಗಿಯಿತೆನ್ನುವಷ್ಟರಲ್ಲಿ ಮತ್ತೆ ಎದುರಾಗುವ ಏರು.

ಕೆಲವು ಊರುಗಳ ಬಾಗಿಲಲ್ಲಿ ಸವಾರ ಕಾಲೂರಿ ನಿಲ್ಲುವುದು ಲೇಸು. ಫ್ರೆಂಚ್ ನಾಮಫಲಕದ ಕೆಳಗೆ ಆಕ್ಸಿಟನ್ ಹೆಸರೂ ಉಂಟು. ಈ ನುಡಿಯಾಡಿದ ಮಕ್ಕಳನ್ನು ಶಾಲೆಗಳು ಒಂದು ಕಾಲದಲ್ಲಿ ದಂಡಿಸುತ್ತಿದ್ದವು. ಗಣರಾಜ್ಯದ ಭಾಷೆ ಫ್ರೆಂಚ್ ಎಂಬುದು 1992ರಲ್ಲಿ ಸಂವಿಧಾನವನ್ನು ಸೇರಿತು. ಪ್ರಾದೇಶಿಕ ಭಾಷೆಗಳು ದೇಶದ ಪರಂಪರೆ ಎಂಬ ಮಾತಿಗೆ 2008ರವರೆಗೆ ಕಾಯಬೇಕಾಯಿತು. ಅದರಿಂದ ಯಾರಿಗೂ ಹಕ್ಕು ಹುಟ್ಟದೆಂದು ಸಾಂವಿಧಾನಿಕ ಮಂಡಳಿ 2011ರಲ್ಲಿ ತೀರ್ಪಿತ್ತಿತು. ಫಲಕವನ್ನು ಸರಾಗವಾಗಿ ಓದಬಲ್ಲವರು ಬಹುಪಾಲು ಅಜ್ಜ ಅಜ್ಜಿಯರೇ.

ಎಮೂತ್ಯೆಯಿಂದ ಲಿಮೋಜ್ ನಗರಕ್ಕೆ ರೈಲುಂಟು. ಅಲ್ಲಿನ ಕಲಾಂದ್ರೆತ ಶಾಲೆಯಲ್ಲಿ ಪುಟ್ಟ ಮಕ್ಕಳು ಆಕ್ಸಿಟನ್ನಿನಲ್ಲಿಯೇ ಲೆಕ್ಕ ಕಲಿಯುತ್ತಾರೆ.