ಹಗರಿಯ ಮರಳಿನಿಂದ ಮೂಲ್ಕಿಯ ಅಲೆಗಳಿಗೆ

ರಾಯದುರ್ಗದ ಸೀಮೆಯವರಿಗೆ ಮರಳು ಹೊಸದಲ್ಲ. ನಮ್ಮವರು ಹಗರಿಯೆಂದು ಕರೆಯುವ ವೇದಾವತಿಯು ವರ್ಷದ ಬಹುಭಾಗ ಬರಿಯ ಮರಳಿನ ಪಾತ್ರವಾಗಿಯೇ ಮಲಗಿರುತ್ತದೆ. ಮುಂಗಾರಿನ ಗಾಳಿ ಎದ್ದಿತೆಂದರೆ ಕಣೇಕಲ್ಲು, ಬೊಮ್ಮನಹಾಳಿನ ಕಡೆ ಆ ಮರಳು ಹಾರಿ ಬಂದು ಹೊಲಗಳಲ್ಲಿ ದಿಬ್ಬಗಳಾಗಿ ಕೂಡುವುದು. ಮಡಕಶಿರದ ಕಡೆ ಮರಳಿನ ಬದಲು ಕಲ್ಲುಗುಡ್ಡಗಳು. ಕೆರೆ ತುಂಬಿದ ವರ್ಷವನ್ನು ಅಲ್ಲಿಯ ಹಿರಿಯರು ಮದುವೆ ಮುಂಜಿಗಳಂತೆ ನೆನಪಿಟ್ಟುಕೊಂಡು ಹೇಳುತ್ತಾರೆ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆಯಲ್ಲಿ ಬಾಳುವೆ ನಡೆಸುವ ಇಂಥ ನಾಡಿನವರಾದ ನಾವು ಈ ಸಂಕ್ರಾಂತಿಯ ರಜೆಯಲ್ಲಿ ಪಡುವಣ ಕಡಲಿಗೆ ಹೋಗಿ ಅಲೆಸವಾರಿಯ ಪಾಠ ಹೇಳಿಸಿಕೊಂಡು ಬಂದೆವೆಂದರೆ ವಾಚಕರು ನಕ್ಕಾರು. ನಗಲಿ, ನಾವೂ ನಕ್ಕಿದ್ದೇವೆ. ಆದರೆ ಹೇಳಬೇಕಾದ ಮಾತೊಂದು ಆ ನಗೆಯ ಹಿಂದೆ ಇದೆ.

ನಮ್ಮ ಮನೆ ರಾಯದುರ್ಗದಲ್ಲಿ. ತಂಗಿಯನ್ನು ಕೊಟ್ಟಿರುವುದು ಮಡಕಶಿರಕ್ಕೆ. 1953ರ ಅಕ್ಟೋಬರ್ 1ರಂದು ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿತು. 2022ರಲ್ಲಿ ಅನಂತಪುರ ಜಿಲ್ಲೆಯನ್ನು ವಿಂಗಡಿಸಿದಾಗ ಮಡಕಶಿರವು ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಾಯಿತು. ಗಡಿಗಳು ಹೀಗೆ ಸರಿದಾಡಿದರೂ ಎರಡು ಮನೆಗಳಲ್ಲಿಯೂ ಒಲೆಯ ಮುಂದಿನ ಮಾತು ಕನ್ನಡವೇ. ಮಕ್ಕಳ ಶಾಲೆಯ ಮಾತು ಮಾತ್ರ ತೆಲುಗು, ಇಂಗ್ಲಿಷು. ನಾವು 'ಅಮ್ಮ' ಎಂದು ಕರೆಯುವ ನಮ್ಮ ತಾಯಿಯವರನ್ನು ಮೊಮ್ಮಕ್ಕಳು ತೆಲುಗಿನವರಂತೆ 'ಅವ್ವ' ಎನ್ನುತ್ತಾರೆ.

ನಮ್ಮ ಮನೆಯಲ್ಲಿ ನೀರಿನ ಮಾತು ಬಂದರೆ ಎಲ್ಲರೂ ಸುಮ್ಮನಾಗುವ ವಾಡಿಕೆ ನಲವತ್ತು ವರ್ಷಕ್ಕೂ ಹಿಂದಿನದು. 1979ರ ಬೇಸಗೆಯಲ್ಲಿ ನಮ್ಮ ಹಿರಿಯಣ್ಣ, ಹನ್ನೆರಡು ವರ್ಷದ ಹುಡುಗ, ಓರಗೆಯವರೊಡನೆ ಹೊಲದ ಬಾವಿಗೆ ಹೋದವನು ಹಿಂದಿರುಗಲಿಲ್ಲ. ಉಳಿದ ಹುಡುಗರ ಬೆನ್ನಿಗೆ ಅವರವರ ಮನೆಯ ಹಿರಿಯರು ಒಣಗಿದ ಸೋರೆಬುರುಡೆ ಕಟ್ಟಿ ಈಜು ಕಲಿಸಿದ್ದರು. ನಮ್ಮಣ್ಣನಿಗೆ ಯಾರೂ ಕಲಿಸಿರಲಿಲ್ಲ. ಆಗ ನಮಗೆ ಏಳು ವರ್ಷ. ಅಂದಿನಿಂದ ಅಮ್ಮನವರ ಕಟ್ಟಪ್ಪಣೆ ಒಂದೇ: ಮೊಣಕಾಲು ಮುಳುಗುವ ನೀರಿಗೆ ಈ ಮನೆಯ ಮಕ್ಕಳು ಇಳಿಯಕೂಡದು. ನಾವೂ ತಂಗಿಯೂ ಈಜು ಕಲಿಯದೆಯೇ ಬೆಳೆದೆವು. ನಮ್ಮ ಮಕ್ಕಳೂ ಹಾಗೆಯೇ ಬೆಳೆಯುತ್ತಿದ್ದರು.

ಒಂಬತ್ತನೆಯ ತರಗತಿಯಲ್ಲಿರುವ ನಮ್ಮ ಮಗಳು ಮೂಲ್ಕಿಯ ಅಲೆಸವಾರಿಯ ಚಿತ್ರಗಳನ್ನು ಮೊಬೈಲಿನಲ್ಲಿ ನೋಡಿ, ರಜೆಗೆ ಅಲ್ಲಿಗೇ ಹೋಗಬೇಕೆಂದು ಹಟ ಹಿಡಿದಳು. ನಾವು ಆಗದೆಂದೆವು; ಅವಳು ಊಟ ಬಿಟ್ಟಳು. ಮೂರನೆಯ ದಿನ ಅಮ್ಮನವರೇ ಪಡಸಾಲೆಯಿಂದ ಹೇಳಿದರು: "ಕರ್ಕೊಂಡು ಹೋಗಪ್ಪಾ. ನಾನೂ ಬರ್ತೀನಿ. ಮನೇಲಿ ಕೂತು ಎದೆ ಹೊಡ್ಕೊಳ್ಳೋದಕ್ಕಿಂತ ಎದುರಿಗೆ ಕೂತು ನೋಡೋದೇ ವಾಸಿ." ಎಪ್ಪತ್ತೆಂಟರ ಅವರ ಬಾಯಿಂದ ಈ ಮಾತು ಬಂದೀತೆಂದು ನಾವು ಎಣಿಸಿರಲಿಲ್ಲ.

ನಾವು ನಾಲ್ವರು ಮೊಳಕಾಲ್ಮೂರು, ಚಳ್ಳಕೆರೆಯ ಮಾರ್ಗವಾಗಿಯೂ, ತಂಗಿ, ಭಾವ ಮತ್ತು ಅವರ ಇಬ್ಬರು ಹುಡುಗರು ಶಿರಾ, ಹಿರಿಯೂರಿನ ಮಾರ್ಗವಾಗಿಯೂ ಬಂದು ಚಿತ್ರದುರ್ಗದಲ್ಲಿ ಕೂಡಿಕೊಂಡೆವು. ಅಲ್ಲಿಂದ ಒಂದೇ ವ್ಯಾನಿನಲ್ಲಿ ಶಿವಮೊಗ್ಗ, ತೀರ್ಥಹಳ್ಳಿಗಳನ್ನು ಹಾದು ಆಗುಂಬೆ ಸೇರಿದೆವು. ಘಾಟಿಯ ನೆತ್ತಿಯಲ್ಲಿ ನಿಂತು, ಇಲ್ಲಿ ಮೂಡಣಕ್ಕೆ ಹರಿದ ಮಳೆನೀರು ತುಂಗೆಯನ್ನು ಸೇರಿ ತುಂಗಭದ್ರೆಯಾಗಿ ಮುಂದೆ ನಮ್ಮ ಹಗರಿಯನ್ನೂ ಕೂಡಿಸಿಕೊಂಡು ಹೋಗುವುದೆಂದೂ, ಪಡುವಣಕ್ಕೆ ಇಳಿದ ನೀರು ಕೆಲವೇ ಹರದಾರಿಗಳಲ್ಲಿ ಕಡಲು ಸೇರುವುದೆಂದೂ ಮಕ್ಕಳಿಗೆ ಹೇಳಿದೆವು. ಹಿರಿಯ ಸೋದರಳಿಯ, "ನಮ್ಮ ಕಡೆಗೇ ಎಲ್ಲಾ ಹರಿದಿದ್ರೆ ಚೆನ್ನಾಗಿತ್ತಲ್ಲ ಮಾವಾ!" ಎಂದ. ಗಡಿನಾಡಿನ ಮಗುವಿಗೆ ತಕ್ಕ ಮಾತು. ಹದಿನಾಲ್ಕು ತಿರುವುಗಳನ್ನು ಇಳಿದು, ಹೆಬ್ರಿ, ಕಾರ್ಕಳ, ಪಡುಬಿದ್ರಿಗಳ ಮೂಲಕ ಸಂಜೆಯ ಹೊತ್ತಿಗೆ ಮೂಲ್ಕಿಯನ್ನು ಮುಟ್ಟಿದೆವು.

ಶಾಂಭವಿ, ನಂದಿನಿ ನದಿಗಳು ಜೊತೆಗೂಡಿ ಕಡಲಿಗೆ ಬೀಳುವ ಎಡೆ ಮೂಲ್ಕಿ. ಮೊದಲು ಬಪ್ಪನಾಡಿನ ದುರ್ಗಾಪರಮೇಶ್ವರಿಯ ದರ್ಶನ ಮಾಡಿದೆವು. ಬಪ್ಪ ಬ್ಯಾರಿಯೆಂಬ ಮುಸಲ್ಮಾನ ವರ್ತಕನು ಕಟ್ಟಿಸಿದ ಗುಡಿಯೆಂಬ ಐತಿಹ್ಯ ಇದಕ್ಕಿದೆ. ಮಗಳ ಹೆಸರಿನಲ್ಲಿ ಅಮ್ಮನವರು ಅರ್ಚನೆ ಮಾಡಿಸಿದರು. ಏಕೆಂದು ಯಾರೂ ಕೇಳಲಿಲ್ಲ.

ಅಲೆಸವಾರಿ ಹುಟ್ಟಿ ಬೆಳೆದದ್ದು ಶಾಂತಸಾಗರದ ದ್ವೀಪಗಳಲ್ಲಿ, ಅದರಲ್ಲಿಯೂ ಹವಾಯಿಯಲ್ಲಿ. ಅಲ್ಲಿ ಅರಸರೂ ಪ್ರಜೆಗಳೂ ಮರದ ಹಲಗೆಯ ಮೇಲೆ ಅಲೆಯೇರುತ್ತಿದ್ದರು. 1912ರ ಒಲಿಂಪಿಕ್ಸ್‌ನಲ್ಲಿ ಈಜಿನ ಚಿನ್ನ ಗೆದ್ದ ಹವಾಯಿಯ ಡ್ಯೂಕ್ ಕಹನಮೋಕು ಎಂಬವರು ಈ ವಿದ್ಯೆಯನ್ನು ಹೊರನಾಡುಗಳಿಗೆ ತೋರಿಸಿದರು. 2021ರಲ್ಲಿ ನಡೆದ ಟೋಕಿಯೊ ಕ್ರೀಡಾಕೂಟದಲ್ಲಿ ಅಲೆಸವಾರಿಯೇ ಒಲಿಂಪಿಕ್ಸ್‌ನ ಸ್ಪರ್ಧೆಯಾಯಿತು. ನಮ್ಮ ದೇಶದಲ್ಲಿ ಇದಕ್ಕೆ ನೆಲೆ ಕೊಟ್ಟ ಮೊದಲ ಊರುಗಳಲ್ಲಿ ಮೂಲ್ಕಿಯೂ ಒಂದು. ಅಮೆರಿಕದಿಂದ ಬಂದು ಇಲ್ಲಿ ಆಶ್ರಮ ಕಟ್ಟಿಕೊಂಡಿದ್ದ ಸಾಧುಗಳು 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಆರಂಭಿಸಿದರು. 2016ರ ಮೇ ತಿಂಗಳಲ್ಲಿ ಸಮೀಪದ ಸಸಿಹಿತ್ಲು ಕಡಲತೀರದಲ್ಲಿ ಇಂಡಿಯನ್ ಓಪನ್ ಸ್ಪರ್ಧೆಯೂ ನಡೆಯಿತು. ಈಗ ಈ ತೀರದಲ್ಲಿ ಊರಿನ ತರುಣರೇ ಬೇರೆ ಬೇರೆ ಕಡೆ ಪಾಠ ಹೇಳುತ್ತಾರೆ.

ಮರುದಿನ ಬೆಳಗ್ಗೆ ಏಳು ಗಂಟೆಗೆ ನಮ್ಮ ಪಾಠ. ಅಮ್ಮನವರೂ ನಮ್ಮ ಶ್ರೀಮತಿಯವರೂ ದಡದ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತರು. ಉಳಿದ ನಾವು ಆರು ಮಂದಿ, ಬೆಂಗಳೂರಿನ ಇಬ್ಬರು ತರುಣರು, ದಾವಣಗೆರೆಯ ದಂಪತಿಗಳು, ಹೀಗೆ ಹತ್ತು ಮಂದಿಯ ಗುಂಪು. ಕಲಿಸುವವರು ಮೂವರು. ಹಿರಿಯ ಶಿಕ್ಷಕರ ಮೊದಲ ಪ್ರಶ್ನೆ: "ಈಜಲು ಯಾರಿಗೆಲ್ಲ ಬರುತ್ತದೆ?" ನಮ್ಮ ಆರು ಮಂದಿಯಲ್ಲಿ ಒಂದು ಕೈಯೂ ಮೇಲೇಳಲಿಲ್ಲ. ತಗ್ಗಿದ ದನಿಯಲ್ಲಿ ನಾವು ನಮ್ಮ ಸೀಮೆಯ ಕಥೆ ಹೇಳಿ, ನೀರೆಂದರೆ ಹೆದರಿಕೆಯೆಂದೂ ಒಪ್ಪಿಕೊಂಡೆವು. ಅವರು ನಗಲಿಲ್ಲ. "ಹೆದರಿಕೆ ಇರುವುದು ಒಳ್ಳೆಯದೇ ಮಾರಾಯ್ರೆ. ಹೆದರಿಕೆ ಇಲ್ಲದವರನ್ನೇ ನಾವು ಹೆಚ್ಚು ನೋಡಿಕೊಳ್ಳಬೇಕಾಗುವುದು" ಎಂದು, ನಮಗೆಲ್ಲ ತೇಲುವ ಅಂಗಿ ತೊಡಿಸಿ, ಸೊಂಟದ ಆಳವನ್ನು ದಾಟಬಾರದೆಂದು ಕಟ್ಟುಮಾಡಿದರು.

ಮೊದಲ ಮುಕ್ಕಾಲು ಗಂಟೆ ನೀರಿನ ಹನಿಯೂ ಸೋಕಲಿಲ್ಲ. ಪಾಠವೆಲ್ಲ ಮರಳಿನ ಮೇಲೆಯೇ. ಕಲಿಯುವವರ ಹಲಗೆ ಎಂಟೊಂಬತ್ತು ಅಡಿ ಉದ್ದದ್ದು. ತಲೆಗೆ ತಾಗಿದರೆ ಹೆಚ್ಚು ಪೆಟ್ಟಾಗದಂತೆ ಮೇಲ್ಮೈ ಮೆತ್ತಗಿರುತ್ತದೆ. ಅದರ ಬಾಲದಿಂದ ಬರುವ ಹಗ್ಗವನ್ನು ಕಾಲಿನ ಹರಡಿಗೆ ಕಟ್ಟುತ್ತಾರೆ. ಹಲಗೆಯ ಮೇಲೆ ಬೋರಲಾಗಿ ಮಲಗಿ ಕೈಗಳಿಂದ ಹುಟ್ಟು ಹಾಕುವುದು, ಅಂಗೈಗಳನ್ನು ಪಕ್ಕೆಲುಬಿನ ಬಳಿ ಊರಿ ಎದೆ ಎತ್ತುವುದು, ಒಂದೇ ನೆಗೆತಕ್ಕೆ ಎರಡು ಪಾದಗಳನ್ನೂ ಕೆಳಗೆ ತಂದು ಮಂಡಿ ಬಗ್ಗಿಸಿ ನಿಲ್ಲುವುದು, ಇವಿಷ್ಟು ಕ್ರಮ. ಯಾವ ಕಾಲು ಮುಂದಿರಬೇಕೆಂಬುದನ್ನು ತಿಳಿಯಲು ಬೆನ್ನ ಹಿಂದಿನಿಂದ ಮೆಲ್ಲಗೆ ನೂಕಿ, ತಾನಾಗಿ ಮುಂದೆ ಬಿದ್ದ ಕಾಲನ್ನು ಗುರುತಿಸಿದರು. ಭಾವನವರು ಎರಡು ಕಾಲನ್ನೂ ಒಟ್ಟಿಗೇ ಬಿಟ್ಟು ಮರಳಿಗೆ ಮುಖವೂರಿದ್ದು ಈ ಹೊತ್ತಿನಲ್ಲಿಯೇ.

ನಿಲ್ಲುವುದಕ್ಕಿಂತ ಹೆಚ್ಚಾಗಿ ಅವರು ಬೀಳುವುದನ್ನು ಕಲಿಸಿದರು. ತಲೆ ಮುಂದಾಗಿ ಧುಮುಕಬಾರದು, ನೀರು ಆಳವಿಲ್ಲ. ಮೈ ಚಪ್ಪಟೆಯಾಗುವಂತೆ ಪಕ್ಕಕ್ಕೆ ಬೀಳಬೇಕು. ಮೇಲೇಳುವಾಗ ಎರಡು ತೋಳುಗಳಿಂದ ತಲೆ ಮುಚ್ಚಿಕೊಳ್ಳಬೇಕು. ಬರುವ ಅಲೆಗೂ ನಮಗೂ ನಡುವೆ ಹಲಗೆಯನ್ನು ಎಂದಿಗೂ ಇಟ್ಟುಕೊಳ್ಳಬಾರದು. ಅಲೆ ಅದನ್ನೇ ನಮ್ಮ ಮೇಲೆ ಎಸೆಯುತ್ತದೆ. ಕಡಲಿನೆಡೆಗೆ ಸೆಳೆಯುವ ನೀರಿಗೆ ಸಿಕ್ಕಿದರೆ ಅದಕ್ಕೆದುರಾಗಿ ಸೆಣಸದೆ, ಹಲಗೆಯನ್ನು ಬಿಡದೆ ಕೈಯೆತ್ತಿ ಕರೆಯಬೇಕು. ಈಜು ಬಲ್ಲವರು ದಡದ ಸಾಲಿಗೆ ಸಮನಾಗಿ ಈಜಿ ಸೆಳೆತದ ಹೊರಗೆ ಬರಬೇಕು. ಇಷ್ಟನ್ನೂ ನಮ್ಮ ಕಿರಿಯ ಸೋದರಳಿಯನಿಂದ ಒಪ್ಪಿಸಿಕೊಂಡ ಮೇಲೆಯೇ ಅವನ ಕಾಲಿಗೆ ಹಗ್ಗ ಕಟ್ಟಿದ್ದು.

ಆ ಶಿಕ್ಷಕರ ಮನೆಮಾತು ತುಳು. ನಮ್ಮೊಡನೆ ಪುಸ್ತಕದಂಥ ಕನ್ನಡ. ನಮ್ಮ ಹುಡುಗರದು ತೆಲುಗು ಬೆರೆತ ಕನ್ನಡ. ಅವಸರದಲ್ಲಿ ಕಿರಿಯವನು "ಅಲ! ಅಲ!" ಎಂದು ಕೂಗಿದಾಗ ಅವರು, "ಅಲೆಯನ್ನು ನೀವು ಅಲ ಎನ್ನುವುದೋ?" ಎಂದು ಕೇಳಿದರು. ನಮ್ಮ ಕಡಲು ಅವರ ತುಳುವಿನಲ್ಲಿ ಕಡಲ್, ತೆಲುಗಿನಲ್ಲಿ ಕಡಲಿ. ಊರಿನಲ್ಲಿ ಕನ್ನಡದಲ್ಲಿ ಉತ್ತರ ಕೊಡಲು ನಾಚುತ್ತಿದ್ದ ಹುಡುಗರು, ಆ ಎರಡು ಗಂಟೆಗಳ ಕಾಲ ಬದುಕಿಕೊಳ್ಳುವ ಪಾಠವನ್ನೆಲ್ಲ ಕನ್ನಡದಲ್ಲಿಯೇ ಕೇಳಿ ಕನ್ನಡದಲ್ಲಿಯೇ ಉತ್ತರಿಸಿದರು. ಈ ಲಾಭವನ್ನು ನಾವು ಲೆಕ್ಕ ಹಾಕಿಕೊಂಡು ಹೋದವರಲ್ಲ.

ಕೊನೆಗೆ ನೀರಿಗಿಳಿದೆವು. ದೂರದ ಕಡಲಿನಲ್ಲಿ ಗಾಳಿ ಎಬ್ಬಿಸಿದ ಅಲೆ ನೂರಾರು ಮೈಲಿ ಸಾಗಿ ಬರುತ್ತದೆಯಾದರೂ ನೀರು ಅದರೊಡನೆ ಬರುವುದಿಲ್ಲ, ಇದ್ದಲ್ಲಿಯೇ ಏರಿಳಿಯುತ್ತದೆ. ಬರುವುದು ಗಾಳಿ ಕೊಟ್ಟ ಬಲ ಮಾತ್ರ. ದಡದ ಬಳಿ ನೆಲ ತಾಗಿ ಅಲೆಯ ಬುಡ ತಡವರಿಸುವಾಗ ತಲೆ ಮುಂದಕ್ಕೆ ಕವಿದು ಒಡೆಯುತ್ತದೆ. ಹಾಗೆ ಒಡೆದು ನೊರೆಯಾಗಿ ದಡಕ್ಕೆ ನುಗ್ಗುವ ಅಲೆಯೇ ಹೊಸಬರ ಕುದುರೆ. ಶಿಕ್ಷಕರು ಹಲಗೆಯನ್ನು ಹಿಡಿದು, ಅಲೆ ಬಂದಾಗ ನೂಕಿ, "ಏಳಿ!" ಎನ್ನುತ್ತಿದ್ದರು. ನಾವು ಹನ್ನೊಂದು ಬಾರಿ ಏಳಹೋಗಿ ಹನ್ನೊಂದು ಬಾರಿಯೂ ಬಿದ್ದೆವು. ತಂಗಿ ಮಂಡಿಯ ಮೇಲೆ ಕುಳಿತು ದಡದವರೆಗೂ ಬಂದಳು, ಇಳಿಯುವುದು ತಿಳಿಯದೆ, "ಅಣ್ಣಾ, ಹಿಡ್ಕೋ!" ಎಂದು ಕೂಗಿದಳು. ಹಿಡಿಯಬೇಕಾದ ಅಣ್ಣ ಆಗ ಕಾಲು ಮೇಲಾಗಿ ನೊರೆಯಲ್ಲಿದ್ದ.

ಮಗಳು ಐದನೆಯ ಸಲಕ್ಕೆ ಎದ್ದಳು. ಅರ್ಧ ಎದ್ದವಳು ಜಾರಿದಳು. ಹಲಗೆ ಒಂದು ಕಡೆ ತೇಲಿತು, ಅವಳು ಕಾಣಲಿಲ್ಲ. ಎರಡು ಮೂರು ಕ್ಷಣಗಳಿರಬಹುದು. ನಮಗೆ ಕಂಡದ್ದು ಕಡಲಲ್ಲ, 1979ರ ಬಾವಿ. ದಡದಲ್ಲಿ ಅಮ್ಮನವರು ಕುರ್ಚಿಯಿಂದ ಎದ್ದು ನಿಂತಿದ್ದರು. ಅಷ್ಟರಲ್ಲಿ ನೊರೆಯ ನಡುವಿನಿಂದ ತಲೆಯ ಮೇಲೆ ಮಡಿಚಿದ ಎರಡು ತೋಳುಗಳು ಮೊದಲು ಬಂದವು, ಕಲಿಸಿದಂತೆಯೇ, ಆಮೇಲೆ ಮುಖ. ಅವಳು ಹಗ್ಗ ಹಿಡಿದು ಹಲಗೆಯನ್ನು ಎಳೆದುಕೊಂಡು, ಮೂಗಿನಲ್ಲಿ ನೀರು ಸುರಿಯುತ್ತಿದ್ದಂತೆಯೇ, "ಇನ್ನೊಂದ್ಸಲ!" ಎಂದಳು. ಮತ್ತೆರಡು ಅಲೆಗಳ ತರುವಾಯ ನೆಟ್ಟಗೆ ನಿಂತು, ಹತ್ತು ಮಾರು ದೂರ ಬಂದು, ಪಕ್ಕಕ್ಕೆ ಚಪ್ಪಟೆಯಾಗಿ ಬಿದ್ದಳು.

ಪಾಠ ಮುಗಿದ ಮೇಲೆ ಅಮ್ಮನವರು ಶಿಕ್ಷಕರನ್ನು ಕರೆದು, ಆ ಹಗ್ಗವನ್ನೂ ಹಲಗೆಯನ್ನೂ ಮುಟ್ಟಿ ನೋಡಿ, "ಸೋರೆಬುರುಡೆ ಇದ್ದಂಗೇ ಅಲ್ವೇನಪ್ಪಾ ಇದು?" ಎಂದರು. ಅವರು, "ಹೌದಮ್ಮ, ಸ್ವಲ್ಪ ದೊಡ್ಡದು, ಅಷ್ಟೇ" ಎಂದರು. ಬಳಿಕ ಅಮ್ಮನವರು ತಂಗಿಯ ತೋಳು ಹಿಡಿದು ನೀರಿನ ಅಂಚಿಗೆ ನಡೆದರು. ಅಲೆಯೊಂದು ಬಂದು ಸೀರೆಯ ಅಂಚನ್ನು ನೆನೆಸಿ ಹೋಯಿತು. ಅವರು ಸರಿಯಲಿಲ್ಲ. ತುಸು ಹೊತ್ತಿನ ಮೇಲೆ ಹೇಳಿದರು: "ಅವನು ಹೋದ್ಮೇಲೆ ನಿಮ್ಮಿಬ್ಬರಿಗೂ ನೀರು ಅಂದ್ರೆ ಹೆದರಿಕೆ ಕಲಿಸ್ದೆ. ನೀರು ಕಲಿಸ್ಬೇಕಾಗಿತ್ತು." ಹಿರಿಯಣ್ಣನ ಮಾತನ್ನು ಅವರು ತಾವಾಗಿ ಎತ್ತಿದ್ದನ್ನು ನಾವು ಕೇಳಿದ್ದು ಅದೇ ಮೊದಲು.

ಹೋಗಬಯಸುವ ವಾಚಕರಿಗೆ ಒಂದೆರಡು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಮುಂಗಾರಿನಿಂದ ಕೆರಳಿರುತ್ತದೆ. ಹೊಸಬರಿಗೆ ಆ ಕಾಲ ಸಲ್ಲದು. ಈಜು ಬಾರದೆಂಬುದನ್ನು ನಾಚದೆ ಮೊದಲೇ ಹೇಳಿರಿ. ಎಷ್ಟು ಮಂದಿಗೆ ಒಬ್ಬ ಶಿಕ್ಷಕರೆಂಬುದನ್ನು ಕೇಳಿ ತಿಳಿಯಿರಿ. ಪಾಠವಿಲ್ಲದ ಹೊತ್ತಿನಲ್ಲಿ ನೀವಾಗಿಯೇ ನೀರಿಗಿಳಿಯಬೇಡಿರಿ.

ಆದರೆ ನಮ್ಮ ನಿಜವಾದ ಬಿನ್ನಹ ಕಡಲಿನದಲ್ಲ. ನೀರಿಲ್ಲದ ನಾಡೆಂದು ನಾವು ಹೇಳಿಕೊಂಡರೂ ನಮ್ಮಲ್ಲಿ ತೆರೆದ ಬಾವಿಗಳಿವೆ, ಕೃಷಿಹೊಂಡಗಳಿವೆ. ಬೊಮ್ಮನಹಾಳು, ಕಣೇಕಲ್ಲಿನ ಕಡೆ ತುಂಗಭದ್ರೆಯ ಮೇಲ್ಮಟ್ಟದ ಕಾಲುವೆ ಇದೆ. ಬೇಸಗೆ ಬಂದರೆ ಮಕ್ಕಳು ಅಲ್ಲಿಗೆ ಹೋಗಿಯೇ ಹೋಗುತ್ತಾರೆ. ನಮ್ಮ ಅಪ್ಪಣೆಗೆ ಕಾಯುವುದಿಲ್ಲ. ಈಜು ಬಲ್ಲ ಹಿರಿಯರೊಬ್ಬರು ಜೊತೆಗಿದ್ದು ಹಿಂದಿನವರಂತೆ ಅವರಿಗೆ ನೀರಿನ ವಿದ್ಯೆ ಕಲಿಸುವುದೇ ಮೇಲು.

ಊರಿಗೆ ಬಂದ ಮುಂದಿನ ಭಾನುವಾರ ಮಕ್ಕಳು ಹಗರಿಯ ಒಣ ಮರಳಿನಲ್ಲಿ ಹಲಗೆಯಷ್ಟುದ್ದ ಗೆರೆ ಎಳೆದುಕೊಂಡು, ಮಲಗಿ ಏಳುವುದನ್ನು ಅಭ್ಯಾಸ ಮಾಡುತ್ತಿದ್ದರು. ಬೇಸಗೆಯ ರಜೆಯಲ್ಲಿ ಮಗಳನ್ನು ಬಳ್ಳಾರಿಯಲ್ಲಿ ಈಜು ಕಲಿಯಲು ಬಿಡುವುದೆಂದು ನಿಶ್ಚಯವಾಗಿದೆ. ಅದರ ಶುಲ್ಕವನ್ನು ಅಮ್ಮನವರು ಆಗಲೇ ಸೆರಗಿನ ಗಂಟಿನಿಂದ ತೆಗೆದು ನಮ್ಮ ಕೈಯಲ್ಲಿಟ್ಟಿದ್ದಾರೆ, ಇಬ್ಬರದನ್ನು. ಎರಡನೆಯದು ಯಾರಿಗೆಂದು ಕೇಳಿದೆವು. "ನಿಂಗೆ" ಎಂದರು.