‘ಮಸ್ತ್ ಐತಿ’ ಅಂದರೆ ಸಾಕೇ?

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಸಿನಿಮಾ ನೋಡಿ ಬಂದ ಹುಡುಗನನ್ನು ‘ಹೆಂಗೈತೋ?’ ಎಂದು ಕೇಳಿದರೆ ಉತ್ತರ ಎರಡೇ. ‘ಮಸ್ತ್ ಐತಿ’, ಇಲ್ಲವೇ ‘ಏನೂ ಇಲ್ಲ ಬಿಡ್ರಿ’. ಯಾಕೆ ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾನೆ. ಅಪ್ಪನ ಪಾಡೂ ಅದೇ. ಹೀರೊ ಯಾರೆಂದು ಗೊತ್ತಾದರೆ ಅವರಿಗೆ ಸಾಕು.

ಹೆಸರುವಾಸಿ ಹೀರೊ ಇಲ್ಲದಿದ್ದರೆ? 2017ರ ಜುಲೈನಲ್ಲಿ ತೆರೆಕಂಡ ‘ಒಂದು ಮೊಟ್ಟೆಯ ಕಥೆ’ಗೆ ಇದ್ದ ತೊಡಕು ಇದೇ. ಕಥೆ ಬರೆದು, ನಿರ್ದೇಶಿಸಿ, ನಾಯಕನಾಗಿ ನಟಿಸಿದವರು ಆಗಿನ್ನೂ ಹೊಸಬರಾಗಿದ್ದ ರಾಜ್ ಬಿ. ಶೆಟ್ಟಿ. ದೊಡ್ಡ ಬಂಡವಾಳವಿಲ್ಲ, ಹೊಡೆದಾಟವಿಲ್ಲ. ಮಂಗಳೂರಿನ ಕನ್ನಡ ಉಪನ್ಯಾಸಕ ಜನಾರ್ದನನಿಗೆ ವಯಸ್ಸು ಇಪ್ಪತ್ತೆಂಟು, ತಲೆ ಮಾತ್ರ ಬೋಳು. ಹುಡುಗರು ನಗುತ್ತಾರೆ, ಹೆಣ್ಣಿನ ಕಡೆಯವರು ಬೇಡವೆನ್ನುತ್ತಾರೆ. ಡಾ. ರಾಜ್‌ಕುಮಾರ್ ಅವರ ಅಭಿಮಾನಿಯಾದ ಈ ಮೇಷ್ಟ್ರಿಗೆ ಪ್ರೀತಿಯ ಪಾಠ ಹೇಳುವವನು ಕಾಲೇಜಿನ ಜವಾನ. ಆ ಪಾತ್ರ ಪ್ರಕಾಶ್ ತುಮಿನಾಡು ಅವರದು.

ಇಂಥ ಚಿತ್ರವನ್ನು ಊರೂರಿಗೆ ಒಯ್ದದ್ದು ಕಟೌಟ್ ಅಲ್ಲ. ವಿಮರ್ಶೆ ಮತ್ತು ನೋಡಿದವರ ಬಾಯಿಮಾತು. ವಿಮರ್ಶಕರು ಹೊಗಳಿದ್ದಕ್ಕೆ ಕಾರಣ ಕೊಟ್ಟರು: ಸಹಜ ನಟನೆ, ದಿನನಿತ್ಯದ ಬದುಕಿನಿಂದಲೇ ಹುಟ್ಟುವ ನಗು, ಮಂಗಳೂರು ಕನ್ನಡದ ಸೊಗಸು. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂಬ ಫಿಲ್ಮ್‌ಫೇರ್ ಪ್ರಶಸ್ತಿಯೂ ಬಂತು.

2019ರಲ್ಲಿ ಇದೇ ಕಥೆ ‘ಉಜಡಾ ಚಮನ್’ ಎಂದು ಹಿಂದಿಗೆ ಹೋಯಿತು. ಅಲ್ಲಿಯೂ ಬೋಳುತಲೆಯ ಉಪನ್ಯಾಸಕನೇ, ಊರು ಮಾತ್ರ ದಿಲ್ಲಿ. ಆದರೆ ವಿಮರ್ಶಕರ ಮೆಚ್ಚುಗೆ ಅಷ್ಟಾಗಿ ಸಿಗಲಿಲ್ಲ. ಪ್ರಯೋಗಾಲಯದಲ್ಲಿ ಒಂದೇ ಬೀಜವನ್ನು ಎರಡು ಕುಂಡಗಳಲ್ಲಿ ಬಿತ್ತಿ ನೋಡಿದಂತಾಯಿತು. ಬೀಜ ಒಂದೇ ಆದರೂ ಬೆಳೆ ಒಂದೇ ಆಗಲಿಲ್ಲ. ಸಿನಿಮಾ ಎಂದರೆ ಬರೀ ಕಥೆಯಲ್ಲ. ಅದರ ಮಾತು, ಮಣ್ಣು, ಹೇಳುವ ಹದ ಎಲ್ಲವೂ ಸೇರಿದ್ದು.

ಪರೀಕ್ಷಿಸಿ ಬೆಲೆ ಕಟ್ಟುವುದು ಈ ಸೀಮೆಗೆ ಹೊಸದಲ್ಲ. ಸಿಂಧನೂರಿನಲ್ಲಿ ನೆಲ್ಲು ಕೊಳ್ಳುವವನು ಅಂಗೈಯಲ್ಲಿ ಉಜ್ಜಿ, ಹಲ್ಲಿನಲ್ಲಿ ಕಚ್ಚಿ ನೋಡಿಯೇ ರೇಟು ಹೇಳುತ್ತಾನೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಒಂದು ಟನ್ ಅದಿರು ಅರೆದರೆ ಸಿಗುವ ಚಿನ್ನ ಕೆಲವೇ ಗ್ರಾಂ. ಆ ಕಲ್ಲು ಹೊರಗಿನಿಂದ ಹೊಳೆಯುವುದೂ ಇಲ್ಲ. ಮಸ್ಕಿಯದಂತೂ ಇನ್ನೂ ದೊಡ್ಡ ಪಾಠ. ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂದು ವಿದ್ವಾಂಸರು ಮೊದಲೇ ಹೇಳಿದ್ದರು. 1915ರಲ್ಲಿ ಪತ್ತೆಯಾದ ಇಲ್ಲಿನ ಬಂಡೆಯ ಮೇಲೆ ಅಶೋಕನ ಹೆಸರೇ ಸಿಕ್ಕಾಗ ಆ ಮಾತು ಗಟ್ಟಿಯಾಯಿತು. ಮೆಚ್ಚುಗೆಗೂ ತೆಗಳಿಕೆಗೂ ಅಂಥ ಆಧಾರ ಬೇಕು.

‘ಮೊಟ್ಟೆಯ ಕಥೆ’ಯಲ್ಲಿ ಆಧಾರಕ್ಕೆ ಹಿಡಿಯಬಹುದಾದ ಸಂಗತಿ ಒಂದಿದೆ. ರೂಪದ ಕಾರಣಕ್ಕೆ ನಗೆಪಾಟಲಾದ ಜನಾರ್ದನ, ಸರಳಾ ಎಂಬ ಹುಡುಗಿಯ ದಪ್ಪ ದೇಹ ಕಂಡು ತಾನೇ ಹಿಂಜರಿಯುತ್ತಾನೆ. ಅಲ್ಲಿಯವರೆಗೆ ಅವನ ಪರವಾಗಿ ನಕ್ಕವರಿಗೆ ಆ ನಗು ತಮ್ಮ ಮನೆಯ ಹೆಣ್ಣು ನೋಡುವ ಶಾಸ್ತ್ರದತ್ತಲೇ ತಿರುಗಿದಂತಾಗುತ್ತದೆ. ‘ಮಸ್ತ್ ಐತಿ’ ಎಂದು ಎದ್ದು ಹೋದವರಿಗೆ ಇದು ದಕ್ಕುವುದಿಲ್ಲ. ತರಗತಿಯಲ್ಲಿ ಕಪ್ಪು, ಕುಳ್ಳ, ದಪ್ಪ ಎಂದು ಸಹಪಾಠಿಗೆ ಅಡ್ಡಹೆಸರಿಡುವ ಮಕ್ಕಳಿಗೂ, ಬಯೋಡಾಟಾದಲ್ಲಿ ಮೊದಲು ಫೋಟೊ ನೋಡುವ ಹಿರಿಯರಿಗೂ ದಕ್ಕಬೇಕಾದದ್ದು ಇದೇ ಅಲ್ಲವೇ?

ಇನ್ನೊಂದು ಮಾತು. ಮಂಗಳೂರು ಕನ್ನಡದಲ್ಲಿ ಒಬ್ಬ ಮೇಷ್ಟ್ರ ಸಂಕಟ ಹೇಳಬಹುದಾದರೆ, ರಾಯಚೂರು ಸೀಮೆಯ ‘ಐತಿ, ಬರ್ರಿ’ಗಳಲ್ಲೂ ಹೇಳಬಹುದು. ಆ ಮಾತು ಬರೀ ನಗಿಸುವ ಪಾತ್ರಗಳಿಗೇ ಮೀಸಲಾಗಬೇಕಿಲ್ಲ.

ಮುಂದಿನ ಸಲ ಮಕ್ಕಳು ಸಿನಿಮಾ ನೋಡಿ ಬಂದಾಗ ತಂದೆತಾಯಿ ‘ದುಡ್ಡು ದಂಡ’ ಎಂದು ಗೊಣಗುವ ಬದಲು ಎರಡೇ ಪ್ರಶ್ನೆ ಕೇಳಲಿ: ಯಾವ ದೃಶ್ಯ? ಯಾಕೆ? ಮಕ್ಕಳು ಉತ್ತರವನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಹತ್ತು ಸಾಲು ಬರೆಯಲಿ. ಕಾರಣ ಕೊಟ್ಟು ಮಾತಾಡುವ ಅಭ್ಯಾಸ ಸಿನಿಮಾದಿಂದ ಶುರುವಾದರೂ ಅಲ್ಲಿಗೇ ನಿಲ್ಲುವುದಿಲ್ಲ.